ಐಎಸ್‌ಪಿಎಸ್ ಸಂಹಿತೆ: ಹಡಗು ಮತ್ತು ಬಂದರು ಭದ್ರತೆ

1. ಹಿನ್ನೆಲೆ: 2001ರ ಸೆಪ್ಟೆಂಬರ್ 11ರ ದಾಳಿ. 2002ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಅಂಗೀಕಾರ. ಜಾರಿ 2004ರ ಜುಲೈ 1. ಅಂಗೀಕಾರ, ಜಾರಿ ಎರಡರ ದಿನಾಂಕವೂ ಬೇರೆ ಬೇರೆಯಾಗಿ ನೆನಪಿರಲಿ.

2. ರೂಪಿಸಿದ್ದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ (ಐಎಂಒ). ಆಧಾರ: ಸೋಲಾಸ್ (ಸಮುದ್ರದಲ್ಲಿ ಜೀವ ಸುರಕ್ಷತೆ) ಒಪ್ಪಂದ 1974, ಅಧ್ಯಾಯ 11-2. ಭಾಗ 'ಎ' ಕಡ್ಡಾಯ, ಭಾಗ 'ಬಿ' ಮಾರ್ಗದರ್ಶನ.

3. ಅನ್ವಯ: ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗು, 500 ಒಟ್ಟು ಟನ್ ಹಾಗೂ ಮೇಲ್ಪಟ್ಟ ಸರಕು ಹಡಗು, ಕಡಲಲ್ಲಿ ಬಾವಿ ಕೊರೆಯುವ ಚಲಿಸುವ ಘಟಕ, ಇವುಗಳಿಗೆ ಸೇವೆ ನೀಡುವ ಬಂದರು. ಯುದ್ಧನೌಕೆಗೆ ಇಲ್ಲ.

4. ಭದ್ರತಾ ಮಟ್ಟ ಮೂರು. 1: ಸದಾ ಇರುವ ಕನಿಷ್ಠ ಕ್ರಮ, ಹಡಗು ಹತ್ತುವವರ ಗುರುತು ಪರಿಶೀಲನೆ ಇದರಲ್ಲೇ ಬರುತ್ತದೆ. 2: ಅಪಾಯ ಹೆಚ್ಚಿದಾಗ. 3: ದಾಳಿ ಸಂಭವನೀಯ ಅಥವಾ ಸನ್ನಿಹಿತ. ಮಟ್ಟ ನಿಗದಿಪಡಿಸುವುದು ಸರ್ಕಾರ, ಕಪ್ತಾನನಲ್ಲ. ಇಲ್ಲೇ ಹೆಚ್ಚಿನವರು ಎಡವುತ್ತಾರೆ.

5. ಅಧಿಕಾರಿಗಳು: ಹಡಗಿನಲ್ಲಿ ಎಸ್‌ಎಸ್‌ಒ (ಹಡಗು ಭದ್ರತಾ ಅಧಿಕಾರಿ), ಕಂಪನಿಯಲ್ಲಿ ಸಿಎಸ್‌ಒ (ಕಂಪನಿ ಭದ್ರತಾ ಅಧಿಕಾರಿ), ಬಂದರಿನಲ್ಲಿ ಪಿಎಫ್‌ಎಸ್‌ಒ (ಬಂದರು ಸೌಲಭ್ಯ ಭದ್ರತಾ ಅಧಿಕಾರಿ).

6. ಗೊಂದಲ: ಐಎಸ್‌ಎಂ ಸಂಹಿತೆ (ಸೋಲಾಸ್ ಅಧ್ಯಾಯ 9) ಸುರಕ್ಷಿತ ನಿರ್ವಹಣೆಗೆ, ಐಎಸ್‌ಪಿಎಸ್ ದಾಳಿಯಿಂದ ರಕ್ಷಣೆಗೆ.

7. ಕರ್ನಾಟಕ: ನವಮಂಗಳೂರು ಬಂದರು, ಪಣಂಬೂರು, ರಾಜ್ಯದ ಏಕೈಕ ಪ್ರಮುಖ ಬಂದರು, ಕಾವಲು ಸಿಐಎಸ್‌ಎಫ್. ಕಾರವಾರ ಪ್ರಮುಖೇತರ ಬಂದರು. ಕರಾವಳಿ ಕಾವಲು ಪೊಲೀಸ್ ಕೇಂದ್ರ ಕಚೇರಿ ಮಲ್ಪೆ.

8. ಪುಲಿಕೇಶಿನಗರದ ಓದುಗರಿಗೆ: ಕೆ.ಆರ್. ಪುರದ ಆಚೆ ವೈಟ್‌ಫೀಲ್ಡ್‌ನಲ್ಲಿರುವುದು ಒಳನಾಡು ಕಂಟೇನರ್ ಡಿಪೋ. ಅಲ್ಲಿ ಕಸ್ಟಮ್ಸ್ ತಪಾಸಣೆಯಾದರೂ ಹಡಗು ಬಾರದು. ಅದನ್ನು ಐಎಸ್‌ಪಿಎಸ್ ಬಂದರೆಂದು ಗುರುತು ಹಾಕಬೇಡಿ.