ಮಾಡಿನಿಂದ ಇಳಿಯುವ ತಾಪ

ಮಂಗಳೂರು ನಗರದ ಕುಲಶೇಖರದಲ್ಲಿಯೂ ಅದರ ಸುತ್ತಣ ಬಡಾವಣೆಗಳಲ್ಲಿಯೂ ಮನೆಯ ಜಗಲಿಗೆ ಗಾಜಿನ ಇಲ್ಲವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಾಡನ್ನೂ, ತಾರಸಿಯ ಮೇಲೆ ತಗಡಿನ ಮಾಡನ್ನೂ ಹೊದಿಸುವುದು ಈಗ ಸಾಮಾನ್ಯವಾಗಿದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದು ಸಹಜವೇ ಸರಿ. ಆದರೆ ಮಳೆಗಾಲದಲ್ಲಿ ಕಾಯುವ ಈ ಮಾಡು ಬೇಸಗೆಯಲ್ಲಿ ಕುಲುಮೆಯಾಗುತ್ತದೆ. ಆ ತಾಪವನ್ನು ತಡೆಯುವ ಮಾರ್ಗಗಳು ಯಾವುವು? ಅವುಗಳಲ್ಲಿ ಯಾವುದಕ್ಕೆ ಹಣ ಹಾಕಿದರೆ ಸಾರ್ಥಕ? ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಇದಕ್ಕೆ ಉತ್ತರ ದೊರೆಯುವುದು.

ಮಂಗಳೂರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯನು ನಡುಹಗಲಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಆಗಸ್ಟಿನಲ್ಲಿ ಮೋಡದ ಮರೆಯುಂಟು. ಏಪ್ರಿಲಿನಲ್ಲಿ ಅದೂ ಇಲ್ಲ. ಆಗ ಬಿಸಿಲಿನ ಪೂರ್ಣ ಪೆಟ್ಟು ಬೀಳುವುದು ಗೋಡೆಗಲ್ಲ, ಮಾಡಿಗೆ. ನಿರ್ಮಲವಾದ ಆಕಾಶದಿಂದ ಒಂದು ಚದರ ಮೀಟರಿಗೆ ಆಗ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ.

ಉಷ್ಣವು ಮೂರು ವಿಧವಾಗಿ ಸಂಚರಿಸುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ: ವಹನ, ಸಂವಹನ, ವಿಕಿರಣ. ಉಷ್ಣನಿರೋಧವೆಂದೊಡನೆ ನಮಗೆ ದಪ್ಪನೆಯ ಹೊದಿಕೆಯ ನೆನಪಾಗುತ್ತದೆ. ಅದು ಮುಖ್ಯವಾಗಿ ವಹನಕ್ಕೆ ತಡೆ. ಅದರ ಯೋಗ್ಯ ಸ್ಥಾನವನ್ನು ನೋಡಬೇಕಾದರೆ ಹಾಲಿನ ಡೈರಿಯ ಶೀತಲಕೋಣೆಯನ್ನು ನೆನೆಯಬಹುದು. ದಕ್ಷಿಣ ಕನ್ನಡ ಸಹಕಾರಿ ಹಾಲು ಒಕ್ಕೂಟದ ಡೈರಿ ಇರುವುದು ಕುಲಶೇಖರದಲ್ಲೇ. ಹಾಲು ಕೆಡದಿರಲು ಸುಮಾರು 4 ಡಿಗ್ರಿ ಉಷ್ಣತೆ ಬೇಕು. ಹೊರಗೆ 34 ಡಿಗ್ರಿ. ಈ 30 ಡಿಗ್ರಿಯ ಅಂತರ ಹಗಲಿರುಳೂ ಇರತಕ್ಕದ್ದು. ಅಂಥಲ್ಲಿ 10 ಸೆಂಟಿಮೀಟರ್ ದಪ್ಪದ ನೊರೆಹಲಗೆಯನ್ನು ಸುತ್ತ ಹೊದಿಸಿದರೆ ಒಳಸೇರುವ ಉಷ್ಣ ಚದರ ಮೀಟರಿಗೆ ಕೇವಲ 7 ಅಥವಾ 8 ವಾಟ್.

ಶೀತದೇಶಗಳ ಗಾಜಿನ ಕೋಣೆಯ ಸಮಸ್ಯೆಯೂ ಬಹುಮಟ್ಟಿಗೆ ಇಂಥದೇ, ಆದರೆ ತಿರುವುಮುರುವಾದುದು: ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗಬಾರದು. ಆದುದರಿಂದ ಅಲ್ಲಿ ಗಾಜನ್ನು ಎರಡು ಪದರ ಮಾಡುತ್ತಾರೆ, ಮಾಡಿನಡಿ ದಪ್ಪ ಹಲಗೆ ಹೊಡೆಯುತ್ತಾರೆ. ಕುಲಶೇಖರದ ಜಗಲಿಯಲ್ಲಾದರೋ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಇರಬೇಕಾದ ಅಂತರ ಅತ್ಯಲ್ಪ. ಇಲ್ಲಿಯ ಶತ್ರು ಹೊರಗಿನ ಗಾಳಿಯಲ್ಲ. ಕಾದ ಮಾಡು ಕೆಳಕ್ಕೆ ಬೀರುವ ವಿಕಿರಣ.

ಅದನ್ನು ಲೆಕ್ಕ ಹಾಕಿ ನೋಡೋಣ. ಕಾಯವು ಹೊರಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಸ್ಟೆಫಾನನು 1879ರಲ್ಲಿ ತೋರಿಸಿದನು. ನಿರಪೇಕ್ಷ ಉಷ್ಣತೆಯನ್ನು 100ರಿಂದ ಭಾಗಿಸಿ, ನಾಲ್ಕನೆಯ ಘಾತಕ್ಕೇರಿಸಿ, 5.67ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ವಾಟ್ ಎಂದು ಬರುತ್ತದೆ. ತಗಡಿನ ಅಡಿಭಾಗ 60 ಡಿಗ್ರಿಗೆ, ಎಂದರೆ ನಿರಪೇಕ್ಷ ಮಾನದಲ್ಲಿ 333ಕ್ಕೆ, ಕಾದಿದೆಯೆನ್ನೋಣ. ಕೆಳಗಿನ ನೆಲವೂ ಜನರೂ 33 ಡಿಗ್ರಿಯಲ್ಲಿ, ಎಂದರೆ 306ರಲ್ಲಿ. 3.33ರ ನಾಲ್ಕನೆಯ ಘಾತ ಸುಮಾರು 123, 3.06ರದು ಸುಮಾರು 88. ವ್ಯತ್ಯಾಸ 35, ಅದನ್ನು 5.67ರಿಂದ ಗುಣಿಸಿದರೆ ಸುಮಾರು 200. ಬಣ್ಣ ಬಳಿದ ತಗಡು ಇದರ ನೂರಕ್ಕೆ 90ರಷ್ಟನ್ನು, ಅಂದರೆ 180 ವಾಟ್‌ಗಳನ್ನು, ಕೆಳಕ್ಕೆ ಬೀರುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಬೀರುವುದು ನೂರಕ್ಕೆ ಸುಮಾರು 5. ಅದನ್ನು ತಗಡಿನಡಿ ಕಟ್ಟಿದರೆ 180 ಇದ್ದದ್ದು 10ಕ್ಕೆ ಇಳಿಯುವುದು! ಕಾಗದದಷ್ಟು ತೆಳುವಾದ ವಸ್ತು ಇಷ್ಟು ಕೆಲಸ ಮಾಡುವುದು ದಪ್ಪದಿಂದಲ್ಲ, ಹೊಳಪಿನಿಂದ. ಆದರೆ ಹಾಳೆ ತಗಡಿಗೆ ಅಂಟಿರಬಾರದು. ನಡುವೆ ನಾಲ್ಕು ಬೆರಳಿನಷ್ಟಾದರೂ ಗಾಳಿಯ ಎಡೆ ಬೇಕು. ಹೊಳಪಿನ ಮುಖ ಕೆಳಗಿದ್ದರೆ ಅದರ ಮೇಲೆ ಧೂಳು ಕೂರದು.

ಈಗ ಖರ್ಚಿನ ಮಾತು. ಮಾಡು 10 ಚದರ ಮೀಟರ್ ಇದ್ದರೆ ಹಾಳೆಯಿಂದ ತಡೆದದ್ದು 1700 ವಾಟ್. ಒಂದು ಟನ್ನಿನ ಹವಾನಿಯಂತ್ರಕ ಹೊರಹಾಕಬಲ್ಲ ಉಷ್ಣವೇ ಸುಮಾರು 3500 ವಾಟ್. ಹಾಳೆ ಅದರ ಅರ್ಧದಷ್ಟು ಭಾರವನ್ನು ಇಳಿಸಿದಂತಾಯಿತು. ಯಂತ್ರವು 3 ಪಾಲು ಉಷ್ಣ ಹೊರಹಾಕಲು 1 ಪಾಲು ವಿದ್ಯುತ್ತು ತಿನ್ನುವುದೆಂದೂ, ದಿನಕ್ಕೆ 5 ಗಂಟೆಯಂತೆ 90 ದಿನ ನಡೆಯುವುದೆಂದೂ ಎಣಿಸಿದರೆ ಉಳಿಯುವುದು 255 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ ಬೇಸಗೆಯೊಂದಕ್ಕೆ 1785 ರೂಪಾಯಿ. ಹಾಳೆಗೂ ಕೂಲಿಗೂ 4000 ರೂಪಾಯಿ ತಗಲಿದರೆ ಮೂರನೆಯ ಬೇಸಗೆಯಲ್ಲಿ ಅಸಲು ಕೈಸೇರುವುದು. ವಾಚಕರು ತಮ್ಮ ಮನೆಯ ಬಿಲ್ಲಿನ ದರವನ್ನೂ ಅಂಗಡಿಯ ಬೆಲೆಯನ್ನೂ ಇಟ್ಟು ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

5 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಲಗೆಯೂ ಅದೇ ತಗಡಿನಿಂದ ಬರುವ ಉಷ್ಣವನ್ನು ಚದರ ಮೀಟರಿಗೆ ಸುಮಾರು 20 ವಾಟ್‌ಗೆ ಇಳಿಸಬಲ್ಲದು. ಗುಣ ಹೆಚ್ಚು ಕಡಿಮೆ ಒಂದೇ. ಸಾಮಾನು, ಚೌಕಟ್ಟು, ಕೂಲಿ ಮಾತ್ರ ಹೆಚ್ಚು. ಅದು ಬೆಂಕಿಗೆ ಸುಲಭವಾಗಿ ತುತ್ತಾಗುವುದರಿಂದ ವಿದ್ಯುತ್ತಂತಿಯಿಂದ ದೂರವಿರಬೇಕು. ಗ್ಲಾಸ್‌ವೂಲ್ ಎಂಬ ಗಾಜಿನ ನಾರಿಗೆ ಕರಾವಳಿಯ ತೇವವೇ ವೈರಿ. ನೀರು ಗಾಳಿಗಿಂತ 20 ಪಾಲಿಗೂ ಹೆಚ್ಚು ಒಳ್ಳೆಯ ಉಷ್ಣವಾಹಕ. ನಾರಿನ ಎಡೆಯ ಗಾಳಿಯ ಜಾಗವನ್ನು ನೀರು ಹಿಡಿದರೆ ಹಾಕಿದ ಹಣ ವ್ಯರ್ಥ. ಎಲ್ಲಕ್ಕಿಂತ ಅಗ್ಗವಾದುದು ಮಾಡಿನ ಮೇಲೆ ಬಳಿಯುವ ಸುಣ್ಣ ಅಥವಾ ಬಿಳಿ ಬಣ್ಣ: ಅದು ಬಿಸಿಲನ್ನು ಬಂದ ದಾರಿಗೇ ಅಟ್ಟುತ್ತದೆ. ಆದರೆ ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ಕಪ್ಪಾಗುವುದರಿಂದ ವರ್ಷ ವರ್ಷವೂ ಬಳಿಯಬೇಕು.

ಗಾಜಿನ ಮಾಡಿನ ಕತೆ ಬೇರೆ. ಬೆಳಕು ಗಾಜಿನ ಮೂಲಕ ಒಳಕ್ಕೆ ನುಗ್ಗುತ್ತದೆ. ಕಾದ ನೆಲ ಬೀರುವ ದೀರ್ಘ ತರಂಗಗಳನ್ನು ಗಾಜು ಹೊರಕ್ಕೆ ಬಿಡದು. ಕಾದ ಗಾಳಿಗೂ ಹೊರದಾರಿಯಿಲ್ಲ. ಜಿಲ್ಲೆಯ ಕೃಷಿಕರು ಪಾರದರ್ಶಕ ಪ್ಲಾಸ್ಟಿಕ್ ಮಾಡಿನಡಿ ಅಡಿಕೆ ಒಣಗಿಸುವುದು ಇಂಥ ತಾಪವನ್ನು ಉಪಯೋಗಿಸಿಯೇ. ಅಡಿಕೆಗೆ ಒಳಿತಾದುದು ಮನುಷ್ಯನಿಗೆ ಒಳಿತಲ್ಲ. 10 ಚದರ ಮೀಟರ್ ಗಾಜಿನಿಂದ ಏಪ್ರಿಲಿನ ನಡುಹಗಲು ಒಳಬರುವುದು ಸುಮಾರು 8000 ವಾಟ್. ಎರಡು ಟನ್ನಿನ ಯಂತ್ರಕ್ಕೂ ಅದು ಹೊರಲಾರದ ಹೊರೆ. ಒಳಗೆ ಪರದೆ ಎಳೆದರೆ ಪ್ರಯೋಜನ ಅಲ್ಪ, ಏಕೆಂದರೆ ಬಿಸಿಲು ಆಗಲೇ ಒಳಗೆ ಬಂದು ಪರದೆಯನ್ನೇ ಕಾಯಿಸಿರುತ್ತದೆ. ಗಾಜಿನ ಹೊರಗೆ, ಒಂದು ಗೇಣು ಮೇಲೆ, ಸಸ್ಯಪಾಲನೆಯವರು ಬಳಸುವ ನೆರಳುಬಲೆಯನ್ನು ಕಟ್ಟಬೇಕು. ನೂರಕ್ಕೆ 75 ನೆರಳು ಕೊಡುವ ಬಲೆ ಆ 8000ವನ್ನು 2000ದ ಆಸುಪಾಸಿಗೆ ತರುವುದು; ಮಳೆಗಾಲದಲ್ಲಿ ಅದನ್ನು ಬಿಚ್ಚಿಡಲೂಬಹುದು.

ಯಾವ ಮಾಡೇ ಇರಲಿ, ಕಾದ ಗಾಳಿ ಹೊರಹೋಗಲು ಎತ್ತರದಲ್ಲೊಂದು ದಾರಿ, ತಂಪುಗಾಳಿ ಬರಲು ತಗ್ಗಿನಲ್ಲೊಂದು ದಾರಿ ಅವಶ್ಯ. ಹಳೆಯ ಹಂಚಿನ ಮನೆಗಳು ಈ ಪಾಠವನ್ನು ಮೊದಲೇ ಅರಿತಿದ್ದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಊರೂರಿಗೆ ಹರಡಿದ ಮಂಗಳೂರು ಹಂಚಿನ ಮಾಡಿನಲ್ಲಿ, ರೀಪುಗಳ ಮೇಲೆ ಕೂತ ಹಂಚುಗಳ ಸಂದುಗಳಿಂದ ಬಿಸಿಗಾಳಿ ತಾನಾಗಿ ಸೋರಿಹೋಗುತ್ತದೆ. ಅದರ ಕೆಳಗೆ ಅಟ್ಟದ ಗಾಳಿ, ಅದಕ್ಕೂ ಕೆಳಗೆ ಮರದ ಮುಚ್ಚಿಗೆ. ಮೂರು ವಿಧದ ಉಷ್ಣಕ್ಕೂ ಅಲ್ಲಿ ತಡೆಯುಂಟು.

ಆದುದರಿಂದ ಹಣ ತೆರುವ ಕ್ರಮವೂ ಸ್ಪಷ್ಟ: ಮೊದಲು ಹೊರಗಿನ ನೆರಳು ಅಥವಾ ಬಿಳುಪು, ಬಳಿಕ ಗಾಳಿಯ ದಾರಿ, ಅನಂತರ ಹೊಳಪಿನ ಹಾಳೆ, ಕಟ್ಟಕಡೆಗೆ ದಪ್ಪ ಹಲಗೆ. ಸಂಶಯವಿದ್ದವರು ಒಂದೇ ಅಳತೆಯ ಎರಡು ತಗಡಿನ ತುಂಡುಗಳನ್ನು ಬಿಸಿಲಿನಲ್ಲಿ ಅಡ್ಡವಾಗಿ ಎತ್ತರಿಸಿಟ್ಟು, ಒಂದರ ಅಡಿಯಲ್ಲಿ ಎರಡು ಬೆರಳು ಎಡೆಬಿಟ್ಟು ಅಲ್ಯೂಮಿನಿಯಂ ಹಾಳೆ ಕಟ್ಟಿ, ಎರಡರ ಕೆಳಗೂ ಕಪ್ಪು ಕಾಗದ ಸುತ್ತಿದ ಉಷ್ಣಮಾಪಕವನ್ನಿರಿಸಲಿ. ಅರ್ಧ ಗಂಟೆಯಲ್ಲಿ ಪಾದರಸವೇ ತೀರ್ಪು ಹೇಳುವುದು.