ಲಿನಕ್ಸ್ ವಿಡಿಯೋ ರೆಕಾರ್ಡರ್: ಟ್ಯೂನರ್ ಕೊಳ್ಳುವ ಮುನ್ನ

ಬಳಕೆಯಿಂದ ಬದಿಗೆ ಸರಿದ ಕಂಪ್ಯೂಟರಿಗೆ ಲಿನಕ್ಸ್ ಅಳವಡಿಸಿ, ಟೆಲಿವಿಷನ್ ಕಾರ್ಯಕ್ರಮಗಳನ್ನು ನಿಗದಿತ ವೇಳೆಗೆ ತಾನಾಗಿಯೇ ದಾಖಲಿಸಿಕೊಳ್ಳುವ ಯಂತ್ರವನ್ನಾಗಿ ಪರಿವರ್ತಿಸಬಹುದಾಗಿದೆ. 2002ರಲ್ಲಿ ಆರಂಭವಾದ ಮಿಥ್‌ಟಿವಿ, ಟಿವಿಹೆಡ್‌ಎಂಡ್ ಮೊದಲಾದ ತಂತ್ರಾಂಶಗಳು ಇದಕ್ಕಾಗಿ ಉಚಿತವಾಗಿ ದೊರೆಯುತ್ತವೆ. ವಾಣಿಜ್ಯ ವಾರ್ತೆಗಳನ್ನು ರಾತ್ರಿ ಅಂಗಡಿ ಮುಚ್ಚಿದ ಬಳಿಕ ನೋಡಬಯಸುವ ವರ್ತಕರಿಗೂ, ಚಂದನ ವಾಹಿನಿಗೆ ಹಣ ತೆತ್ತು ನೀಡಿದ ಜಾಹೀರಾತು ಪ್ರಸಾರವಾಯಿತೇ ಎಂದು ಪರಿಶೀಲಿಸಬಯಸುವ ಸಣ್ಣ ಉದ್ಯಮಿಗಳಿಗೂ ಇದು ಉಪಯುಕ್ತ. ಹಣ ಪೋಲಾಗುವ ಸಂಭವವಿರುವುದು ಟ್ಯೂನರ್ ಖರೀದಿಯಲ್ಲಿ.

ಮನೆಗೆ ಸಂಕೇತ ಯಾವ ಮಾರ್ಗದಿಂದ ಬರುತ್ತಿದೆ ಎಂಬುದನ್ನು ಪ್ರಥಮತಃ ನಿಶ್ಚಯಿಸಿಕೊಳ್ಳತಕ್ಕದ್ದು. 2011ರ ಕೇಬಲ್ ಕಾಯಿದೆ ತಿದ್ದುಪಡಿಯು ಡಿಜಿಟಲ್ ಕೇಬಲ್ ಸಂಕೇತಗಳನ್ನು ಗೂಢಲಿಪಿಯಲ್ಲಿಯೇ ಸಾಗಿಸಬೇಕೆಂದು ವಿಧಿಸಿದೆ. ಖಾಸಗಿ ಡಿಟಿಎಚ್ ಸೇವೆಗಳ ಪಾವತಿ ವಾಹಿನಿಗಳೂ ಅಂತೆಯೇ. ಇಂತಹ ಸಂಕೇತಗಳ ಮುಂದೆ ಎಷ್ಟು ದುಬಾರಿಯ ಟ್ಯೂನರ್ ಕಾರ್ಡೂ ನಿರುಪಯೋಗಿ. ದೂರದರ್ಶನವು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಇಂದು ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಉಪಗ್ರಹ ಸೇವೆಯೇ ನಮ್ಮವರಿಗೆ ಸುಲಭದ ದಾರಿ. ಅದಕ್ಕೆ ಡಿವಿಬಿ-ಎಸ್2 ಟ್ಯೂನರ್ ಕೊಳ್ಳುವುದು ಲೇಸು. ಅದು ಹಳೆಯ ಡಿವಿಬಿ-ಎಸ್ ಪ್ರಸಾರವನ್ನೂ ಗ್ರಹಿಸುತ್ತದೆ.

ಛಾವಣಿಯ ಆಂಟೆನಾ ನೆಚ್ಚಿಕೊಂಡವರು ಇನ್ನಷ್ಟು ಜಾಗರೂಕರಾಗಿರಬೇಕು. 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ದೂರದರ್ಶನ ಆರಂಭಿಸಿದ ಭೂತಲ ಡಿಜಿಟಲ್ ಪ್ರಸಾರವು ಡಿವಿಬಿ-ಟಿ2 ಮಾದರಿಯದು. ಅಗ್ಗದಲ್ಲಿ ಮಾರಾಟವಾಗುವ ಆರ್‌ಟಿಎಲ್2832ಯು ಚಿಪ್ಪಿನ ಸಾಮಾನ್ಯ ಯುಎಸ್‌ಬಿ ಕಡ್ಡಿಗಳು ಹಿಂದಿನ ಡಿವಿಬಿ-ಟಿ ಮಾತ್ರ ಬಲ್ಲವು. "ಡಿಜಿಟಲ್ ಟಿ.ವಿ." ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಇಲ್ಲಿ ಅವು ಏನನ್ನೂ ಹಿಡಿಯಲಾರವು. ತಮ್ಮ ಬಡಾವಣೆಗೆ ಪ್ರಸಾರ ತಲುಪುತ್ತಿದೆಯೇ ಎಂದು ವಿಚಾರಿಸಿಯೇ ಕೊಳ್ಳಬೇಕು.

ಎರಡನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಅತಿ ಮುಖ್ಯವಾದುದು, ಒಳಗಿನ ಚಿಪ್ಪು. ಲಿನಕ್ಸಿನ ಡ್ರೈವರ್ ತಂತ್ರಾಂಶ ಗುರುತಿಸುವುದು ಚಿಪ್ಪನ್ನೇ ಹೊರತು ಪೆಟ್ಟಿಗೆಯ ಹೆಸರನ್ನಲ್ಲ. ತಯಾರಕರಾದರೋ ಹೆಸರನ್ನು ಉಳಿಸಿಕೊಂಡು ಚಿಪ್ಪನ್ನು ಬದಲಿಸುತ್ತಿರುತ್ತಾರೆ. ಹಾಪಾಜ್ ಸಂಸ್ಥೆಯ ಎಚ್‌ವಿಆರ್-900 ಮತ್ತು 900ಎಚ್ ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಒಳಗೆ ಬೇರೆಯೇ ಯಂತ್ರ. ಅಸ್ಟ್ರೋಮೆಟಾ ಟಿ2 ಕಡ್ಡಿಯಲ್ಲಂತೂ ಕಾಲಕಾಲಕ್ಕೆ ಪ್ಯಾನಸೋನಿಕ್ಕಿನ ಎರಡು ಬಗೆಯ ಹಾಗೂ ಸೋನಿಯ ಒಂದು ಬಗೆಯ ಡೀಮಾಡ್ಯುಲೇಟರ್ ಬಂದಿವೆ. ಯುಎಸ್‌ಬಿ ಗುರುತಿನ ಸಂಖ್ಯೆ ಮಾತ್ರ ಅದೇ. ಆದುದರಿಂದ ಪರಿಷ್ಕರಣ ಸಂಖ್ಯೆಯನ್ನೂ ಕೇಳಿ ತಿಳಿಯಬೇಕು. ಡ್ರೈವರ್ ಲಿನಕ್ಸಿನ ಮೂಲ ಕರ್ನೆಲ್ಲಿನಲ್ಲಿಯೇ ಇದ್ದರೆ ಉತ್ತಮ. ತಯಾರಕರು ಪ್ರತ್ಯೇಕವಾಗಿ ಕೊಡುವ ಡ್ರೈವರ್ ಮುಂದಿನ ಕರ್ನೆಲ್ ಬದಲಾವಣೆಗೆ ನಿಂತುಹೋಗಬಹುದು. ಕೆಲವಕ್ಕೆ ಫರ್ಮ್‌ವೇರ್ ಕಡತವೂ ಬೇಕು.

ಉಪಗ್ರಹ ಟ್ಯೂನರು ಡಿಶ್ಶಿನ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ ಒದಗಿಸಬೇಕಾಗುತ್ತದೆ. 18 ವೋಲ್ಟಿನಲ್ಲಿ 150 ಮಿಲಿಆಂಪಿಯರ್ ಎಳೆದರೂ 2.7 ವ್ಯಾಟ್ ಆಯಿತು, ಯುಎಸ್‌ಬಿ 2.0 ಕೊಡುವುದು 2.5 ವ್ಯಾಟ್ ಮಾತ್ರ. ಹೀಗಾಗಿ ಯುಎಸ್‌ಬಿ ಮಾದರಿಯೊಡನೆ ಪ್ರತ್ಯೇಕ ಅಡಾಪ್ಟರ್ ಇದೆಯೇ ಎಂದು ನೋಡಿಕೊಳ್ಳಿ. ಹಳೆಯ ಪಿಸಿಐ ಕಾರ್ಡುಗಳು ಈಚಿನ ಮದರ್‌ಬೋರ್ಡುಗಳಲ್ಲಿ ಕೂರುವುದಿಲ್ಲ.

ಒಂದು ಟ್ಯೂನರ್ ಒಮ್ಮೆಗೆ ಒಂದೇ ಟ್ರಾನ್ಸ್‌ಪಾಂಡರ್ ಹಿಡಿಯುತ್ತದೆಯಾದರೂ ಅದರಲ್ಲಿರುವ ಹಲವು ವಾಹಿನಿಗಳನ್ನು ಏಕಕಾಲದಲ್ಲಿ ದಾಖಲಿಸಬಹುದು. ಬಂದ ಸಂಕೇತವನ್ನು ಹಾಗೆಯೇ ಡಿಸ್ಕಿಗೆ ಬರೆಯುವುದರಿಂದ ಹಳೆಯ ಪ್ರೊಸೆಸರ್ ಸಾಕು. ಸೆಕೆಂಡಿಗೆ 4 ಮೆಗಾಬಿಟ್ ವೇಗದ ವಾಹಿನಿಯೊಂದಕ್ಕೆ ಗಂಟೆಗೆ 1.8 ಗಿಗಾಬೈಟ್ ಸ್ಥಳ ಬೇಕು.

ಸಾಧ್ಯವಾದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲಿಯೇ ಟ್ಯೂನರ್ ಜೋಡಿಸಿ ನೋಡಿ. ಡ್ರೈವರ್ ಒಪ್ಪಿಕೊಂಡಿದ್ದರೆ 'ಡೆವ್' ಕೋಶದೊಳಗೆ 'ಡಿವಿಬಿ' ಎಂಬ ಉಪಕೋಶ ಕಾಣಿಸಿಕೊಳ್ಳುತ್ತದೆ. ರಸೀದಿಯಲ್ಲಿ ಮಾದರಿಯ ಪೂರ್ಣ ಸಂಖ್ಯೆ ಹಾಗೂ ಹಿಂದಿರುಗಿಸುವ ಅವಧಿಯನ್ನು ಬರೆಯಿಸಿಕೊಳ್ಳಿ.