ತೊಗರಿ ಚೀಲ ಕಾಯುವ ಬೆಕ್ಕಿಗೆ ವಸಂತದ ಹತ್ತು ಸೂತ್ರ

ವಸಂತ ಅಂದರೆ ಮಾವಿನ ಚಿಗುರು, ಕೋಗಿಲೆ ಅನ್ನುವುದು ಶಾಲೆಯ ಪಾಠ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಶಿವರಾತ್ರಿ ಮುಗಿದರೆ ಸಾಕು, ಬಿಸಿಲು ಹಲ್ಲು ತೋರಿಸುತ್ತದೆ. ಹೋಳಿ ಹೊತ್ತಿಗೆ ಮಧ್ಯಾಹ್ನ ಮಾಳಿಗೆಯ ಮೇಲೆ ಬರಿಗಾಲು ಊರಲು ಆಗುವುದಿಲ್ಲ. ತೊಗರಿ ಚೀಲ ಪಡಸಾಲೆಯಲ್ಲಿ, ಬಿಳಿಜೋಳ ಕಣದಲ್ಲಿ, ಇಲಿ ಎರಡೂ ಕಡೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದರ ರುಚಿ ಇಲಿಗೆ ಮೊದಲೇ ಗೊತ್ತಿತ್ತು. ಹೀಗಾಗಿ ಬೆಕ್ಕಿಗೆ ಕೆಲಸವೂ ಜಾಸ್ತಿ, ಕಂಟಕವೂ ಜಾಸ್ತಿ.

ನಾನು ಕಳೆದುಕೊಂಡ ಬೆಕ್ಕುಗಳ ಲೆಕ್ಕ ತೆಗೆದರೆ ರೋಗ ಬಂದು ಸತ್ತವು ಕಡಿಮೆ. ಇಲಿಗೆ, ಎತ್ತಿಗೆ, ನಾಯಿಗೆ, ಮನುಷ್ಯರಿಗೆ ಅಂತ ತಂದಿಟ್ಟ ವಸ್ತು ತಗುಲಿ ಹೋದವೇ ಹೆಚ್ಚು. ಆದ್ದರಿಂದ ಸೂತ್ರಗಳು ಅಲ್ಲಿಂದಲೇ ಶುರು.

1. ಬೆಕ್ಕು ಇರುವ ಮನೆಯಲ್ಲಿ ಇಲಿ ಪಾಷಾಣ ಬೇಡ

ರಾಶಿ ಮುಗಿದ ಮೇಲೆ ಸಂತೆಯಿಂದ ಮೊದಲು ಬರುವುದು ಇದೇ. ಜೋಳದ ಹಿಟ್ಟಿಗೆ ಕಲಸುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ಸೇರಿದ ಕೂಡಲೇ ಅದು ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಬೆಕ್ಕು ಹಿಟ್ಟು ಮೂಸದೆ ಹೋಗಬಹುದು. ಆದರೆ ತೂರಾಡುವ ಇಲಿಯನ್ನು ಬಿಡುವುದಿಲ್ಲ. ಆ ಇಲಿಯ ಹೊಟ್ಟೆಯಲ್ಲಿ ಕರಗದೆ ಉಳಿದ ಪಾಷಾಣ ಇದರ ಹೊಟ್ಟೆ ಸೇರುತ್ತದೆ. ಬಿಲ್ಲೆಯ ರೂಪದಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬೇರೆ ಥರ. ಮೂರ್ನಾಲ್ಕು ದಿನ ಏನೂ ಗೊತ್ತಾಗದು. ಆಮೇಲೆ ವಸಡು ಬಿಳಿಚುತ್ತದೆ, ಮೂಗಿನಲ್ಲಿ, ಮಲದಲ್ಲಿ ರಕ್ತ ಕಾಣುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಉಂಟು, ಬೇಗ ಹೋದರೆ ಬೆಕ್ಕು ಬದುಕುತ್ತದೆ. ಆಸ್ಪತ್ರೆಗೆ ಹೋಗುವಾಗ ಪಾಷಾಣದ ಪೊಟ್ಟಣವನ್ನೂ ಒಯ್ಯಿರಿ. ಯಾವ ವಿಷ ಅನ್ನುವುದರ ಮೇಲೆ ಔಷಧ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಇಲಿಗೆ ಬೋನು ಇಡಿ. ಚೀಲಗಳನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಒಟ್ಟಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ. ಬೆಕ್ಕಿಗೆ ನಮ್ಮ ಗೋಡೆ, ಅವರ ಗೋಡೆ ಅಂತ ಇಲ್ಲ.

2. ಎತ್ತಿನ ಉಣ್ಣೆ ಔಷಧ, ನಾಯಿಯ ಪುಡಿ ಬೆಕ್ಕಿಗೆ ಹಚ್ಚಬೇಡಿ

ಸೆಕೆ ಏರಿದಂತೆ ಚಿಗಟ ಏರುತ್ತದೆ. ಕೊಟ್ಟಿಗೆಯ ಗೂಡಿನಲ್ಲಿ ದನಕ್ಕೆ ತಂದ ಬಾಟಲಿ ಇದ್ದೇ ಇರುತ್ತದೆ. "ಒಂದೆರಡು ಹನಿ ಹಾಕಿದ್ರ ಏನಾಗ್ತದ" ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ನಾಯಿಗೆ ತಂದ ಪುಡಿಯನ್ನು ನಮ್ಮ ಬೂದು ಬೆಕ್ಕಿನ ಬೆನ್ನಿಗೆ ಉದುರಿಸಿದೆ. ಅದು ನೆಕ್ಕಿಕೊಂಡಿತು. ಕತ್ತಲಾಗುವ ಹೊತ್ತಿಗೆ ಮೊದಲು ಕಿವಿ ಅದುರಿತು, ಆಮೇಲೆ ಕಾಲು, ಆಮೇಲೆ ಇಡೀ ಮೈ. ಬೆಳಗಾಗುವುದರೊಳಗೆ ಹೋಯಿತು. ಪರ್ಮೆಥ್ರಿನ್ ಜಾತಿಯ ಔಷಧವನ್ನು ನಾಯಿಯ ಯಕೃತ್ತು ಕರಗಿಸುತ್ತದೆ, ಬೆಕ್ಕಿನದು ಕರಗಿಸಲಾರದು. ಇಷ್ಟು ಸಣ್ಣ ಸಂಗತಿ ನನಗೆ ಗೊತ್ತಿರಲಿಲ್ಲ.

ಪೊಟ್ಟಣದ ಮೇಲೆ ಬೆಕ್ಕಿಗೆ ಅಂತ ಬರೆದಿದ್ದರೆ ಮಾತ್ರ ಬಳಸಿ, ಅದೂ ಅದರ ತೂಕ ನೋಡಿ. ಅಲ್ಲಿಯವರೆಗೆ ಸಣ್ಣ ಹಲ್ಲಿನ ಹೇನು ಬಾಚಣಿಗೆ ಸಾಕು: ಬಾಚಿ, ಸಾಬೂನು ನೀರಿನ ಬಟ್ಟಲಲ್ಲಿ ಅದ್ದಿ. ಬೆಕ್ಕು ಮಲಗುವ ಕೌದಿಯನ್ನು ವಾರಕ್ಕೊಮ್ಮೆ ಸುಡು ಬಿಸಿಲಿಗೆ ಹಾಕಿ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ.

3. ಜ್ವರದ ಮಾತ್ರೆ ಅರ್ಧವೂ ಬೇಡ

ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ವಸಡು ಕಂದು ಬಣ್ಣಕ್ಕೆ ತಿರುಗಿ ಮುಖ ಬಾತುಕೊಂಡರೆ ಯಾರೋ ಕೊಟ್ಟಿದ್ದಾರೆ ಅಂತ ಅನುಮಾನಿಸಿ, ಓಡಿ.

4. ಹಬ್ಬದ ಸ್ವಚ್ಛತೆ ಮಾಡುವಾಗ ಫಿನಾಯಿಲ್ ತೆಳುವಾಗಿರಲಿ, ನೆಲ ಒಣಗಲಿ

ಯುಗಾದಿಗೆ ಮುಂಚೆ ಮನೆ ತೊಳೆಯುವುದು ಸರಿ. ಆದರೆ ಬೆಕ್ಕು ಒದ್ದೆ ಫರ್ಶಿಯ ಮೇಲೆ ನಡೆದು ಪಾದ ನೆಕ್ಕುತ್ತದೆ. ನೆಲ ಪೂರ್ತಿ ಒಣಗುವತನಕ ಹೊರಗಿಡಿ. ಹೋಳಿಯ ದಿನ ಬಣ್ಣ ಮುಗಿಯುವವರೆಗೆ ಒಂದು ಕೋಣೆಯಲ್ಲಿ ಕೂಡಿಹಾಕಿ. ಬಣ್ಣ ಬಿದ್ದರೆ ಉಗುರುಬೆಚ್ಚನೆ ನೀರಿನ ಬಟ್ಟೆಯಿಂದ ಒರೆಸಿ. ಸೀಮೆ ಎಣ್ಣೆಯಿಂದ ಅಲ್ಲ.

5. ನೀರನ್ನು ಮೂರು ಕಡೆ ಇಡಿ

ಬೆಕ್ಕಿನ ಮೂಲ ಮರುಭೂಮಿಯ ಅಂಚು. ದಾಹ ಆದರೂ ನಾಯಿಯಂತೆ ನೀರಿಗೆ ಓಡುವುದಿಲ್ಲ, ಬೇಟೆಯ ಮಾಂಸದಲ್ಲಿರುವ ನೀರನ್ನೇ ನಂಬಿಕೊಂಡು ಬಂದ ಪ್ರಾಣಿ. ಒಣ ರೊಟ್ಟಿ ಚೂರು ತಿಂದು ದಿನ ದೂಡುವ ಬೆಕ್ಕಿಗೆ ಈ ಅಭ್ಯಾಸವೇ ಮುಳುವು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿ ನೀರು, ಊಟದಲ್ಲಿರುವುದೂ ಸೇರಿ. ನಾಲ್ಕು ಕಿಲೋ ಬೆಕ್ಕಿಗೆ 200 ಮಿಲಿ. ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು: ನೀರು ತಣ್ಣಗಿರುತ್ತದೆ, ಮೀಸೆ ಅಂಚಿಗೆ ತಾಗುವುದಿಲ್ಲ. ಒಂದು ಪಡಸಾಲೆಯಲ್ಲಿ, ಒಂದು ಹಿತ್ತಲ ನೆರಳಲ್ಲಿ, ಒಂದು ಮೆಟ್ಟಿಲ ಕೆಳಗೆ. ಊಟದ ತಟ್ಟೆಗೆ ತಾಗಿಸಿ ಇಡಬೇಡಿ, ಎಷ್ಟೋ ಬೆಕ್ಕುಗಳು ಅಲ್ಲಿ ಕುಡಿಯುವುದಿಲ್ಲ.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ತಗಡಿನ ಶೆಡ್ಡಿನಲ್ಲಿ ಕೂಡಿಹಾಕಬೇಡಿ. ಒಳಗಿನ ಶಹಾಬಾದ್ ಕಲ್ಲಿನ ನೆಲ ಇದಕ್ಕೆ ಸ್ವರ್ಗ; ಹೊಟ್ಟೆ ಊರಿ, ಹಿಂಗಾಲು ಹಿಂದಕ್ಕೆ ಚಾಚಿ ಮಲಗಿದ್ದನ್ನು ನೀವೂ ನೋಡಿರುತ್ತೀರಿ. ನೋಡಬಾರದ್ದು ಬೇರೆ ಇದೆ. "ಡಾಕ್ಟ್ರೇ, ಬೆಕ್ಕು ನಾಯಿ ಹಂಗ ಬಾಯಿ ತೆರಕೊಂಡು ಉಸುರು ಬಿಡ್ಲಿಕತ್ತದ್ರಿ" ಅಂತ ಫೋನ್ ಮಾಡುವ ಹೊತ್ತು ಅದು. ನಾಯಿಗೆ ತೇಕುವುದು ಸಹಜ, ಬೆಕ್ಕಿಗೆ ಅಲ್ಲ. ಕಿವಿ, ಪಾದ, ಹೊಟ್ಟೆಗೆ ಸಾದಾ ನೀರು ಸವರಿ, ಫ್ಯಾನಿನ ಕೆಳಗೆ ಮಲಗಿಸಿ, ವೈದ್ಯರ ಬಳಿ ಒಯ್ಯಿರಿ. ಐಸ್ ನೀರು ಸುರಿಯಬೇಡಿ.

6. ಗಂಡು ಬೆಕ್ಕು ಮುಕ್ಕರಿದರೆ ಆ ದಿನವೇ ಹೊರಡಿ

ಮಣ್ಣು ಕೆರೆದು ಕೂತು, ಎದ್ದು, ಮತ್ತೆ ಕೂತು ನರಳುತ್ತದೆ. ಮನೆಯವರು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾರೆ. ಹೆಚ್ಚಿನ ಸಲ ಕಟ್ಟಿರುವುದು ಮೂತ್ರ. ಒಂದೆರಡು ದಿನ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ. ನೀರು ಕಡಿಮೆ ಕುಡಿಯುವ ಬೇಸಿಗೆಯ ಹೊಸ್ತಿಲಲ್ಲಿ ಈ ಮಾತನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

7. ಲಸಿಕೆಯನ್ನು ನಾಯಿಯ ಬಾಬತ್ತು ಅಂದುಕೊಳ್ಳಬೇಡಿ

2025ರಲ್ಲಿ ರಾಯಚೂರು ಕಡೆ ಎಫ್‌ಪಿವಿ ಹರಡಿ ಬೆಕ್ಕುಗಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಮಗೂ ರಾಯಚೂರಿಗೂ ನಡುವೆ ಇರುವುದು ಯಾದಗಿರಿ ಒಂದೇ. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ಈ ಕಾಯಿಲೆ ಬಂದ ಮರಿ ವಾಂತಿ, ಭೇದಿ ಮಾಡಿಕೊಂಡು, ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿಯೂ ಬರುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ.

ಎಂಟು ವಾರಕ್ಕೆ ಮೊದಲ ಸಂಯುಕ್ತ ಲಸಿಕೆ, ಮೂರು-ನಾಲ್ಕು ವಾರ ಬಿಟ್ಟು ಎರಡನೆಯದು, ಮೂರು ತಿಂಗಳಿಗೆ ರೇಬಿಸ್. ಬೆಕ್ಕಿನ ಸಂಯುಕ್ತ ಲಸಿಕೆ ತಾಲೂಕಿನಲ್ಲಿ ಸದಾ ಸಿಗುತ್ತದೆ ಅನ್ನುವಂತಿಲ್ಲ. ಮೊದಲೇ ಫೋನ್ ಮಾಡಿ, ಕಲಬುರಗಿಗೆ ಹೋಗಬೇಕಾದರೆ ಐಸ್ ತುಂಬಿದ ಡಬ್ಬಿ ಕೈಯಲ್ಲಿರಲಿ. ಬಸ್ಸಿನ ಬಿಸಿಗೆ ಕೆಟ್ಟ ಲಸಿಕೆ ಹಾಕಿಸಿದರೂ ಒಂದೇ, ಬಿಟ್ಟರೂ ಒಂದೇ. ಜಂತುಹುಳದ ಔಷಧಕ್ಕೂ ಅದೇ ಭೇಟಿ ಸಾಕು.

8. ರಾತ್ರಿ ಅಳುವ ಬೆಕ್ಕಿಗೆ ರೋಗವಿಲ್ಲ, ಬೆದೆ

ಹಗಲು ಉದ್ದವಾದಂತೆ ಹೆಣ್ಣು ಬೆಕ್ಕು ಬೆದೆಗೆ ಬರುತ್ತದೆ. ಮಾಳಿಗೆಯ ಮೇಲಿನ ಆ ಕೂಗನ್ನು ಅಪಶಕುನ ಅಂದು ಕಲ್ಲು ಹೊಡೆಯುವವರಿದ್ದಾರೆ. ಗರ್ಭ ಕಟ್ಟಿದರೆ 63ರಿಂದ 65 ದಿನ. ಹೋಳಿಗೆ ಕೂಗಿದ್ದು ಮೇ ತಿಂಗಳ ಉರಿಯಲ್ಲಿ ಮರಿ ಹಾಕುತ್ತದೆ, ಕಣಕಿ ಬಣವಿಯ ಸಂದಿಯಲ್ಲಿ, ಹಾವಿನ ನೆರೆಯಲ್ಲಿ. ಮರಿ ಬೇಡವಾದರೆ ಐದಾರು ತಿಂಗಳ ವಯಸ್ಸಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಭೀಮಾ ದಂಡೆಗೆ ಬಿಟ್ಟು ಬರುವುದಕ್ಕಿಂತ ಇದು ಎಷ್ಟೋ ಮೇಲು. ಗಂಡುಗಳು ಕಾದಾಡಿದ ಗಾಯದಲ್ಲಿ ಕೀವು ತುಂಬುತ್ತದೆ, ನೊಣ ಕೂತು ಹುಳ ಬೀಳುತ್ತದೆ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಬೆಕ್ಕಿಗೆ ವಿಷ. ಉಪ್ಪುನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಿರಿ.

9. ಹಾಲು-ರೊಟ್ಟಿಯಿಂದ ಬೆಕ್ಕಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ

ಬೆಕ್ಕು ಮಾಂಸಾಹಾರಿ, ಇದರಲ್ಲಿ ಮುಲಾಜಿಲ್ಲ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣು, ಹೃದಯ ಸೋಲುತ್ತವೆ. ನಿಮ್ಮ ಅಡುಗೆಮನೆಗೆ ಮೊಟ್ಟೆಯೂ ಬಾರದಿದ್ದರೆ ಬೆಕ್ಕಿನ ಸಿದ್ಧ ಆಹಾರ ತನ್ನಿ. ಕೋಳಿ ಕೊಡುವವರು ಬೇಯಿಸಿಯೇ ಕೊಡಿ. ಹಕ್ಕಿಜ್ವರದ ಕಾಲದಲ್ಲಿ ಹಸಿ ಚೂರು ಎಸೆಯುವುದು ಅಪಾಯ. ಬೆಳೆದ ಎಷ್ಟೋ ಬೆಕ್ಕಿಗೆ ಹಾಲು ಅರಗದೆ ಭೇದಿ ಆಗುತ್ತದೆ, ಸೆಕೆಯಲ್ಲಿ ಭೇದಿ ಅಂದರೆ ಮೈಯ ನೀರು ಹೋದಂತೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಅದರ ರಕ್ತಕಣ ಒಡೆಯುತ್ತದೆ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ನಮಗೇ ಇರಲಿ.

10. ಪರಚಿದರೆ, ಕಚ್ಚಿದರೆ ಸುಣ್ಣ ಹಚ್ಚಬೇಡಿ

ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲ ಎತ್ತುವ ಕೆಲಸ ಬೇರೆಯವರು ಮಾಡಲಿ.

ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಿಮ್ಮೂರ ಪಶು ಆಸ್ಪತ್ರೆ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ದನಕ್ಕಷ್ಟೇ ಅಂದುಕೊಂಡು ಸುಮ್ಮನಿರದೆ ಬೆಕ್ಕಿಗೂ ಕೇಳಿ. ಅದಕ್ಕೂ ಮೊದಲು, ಇವತ್ತು ಸಂಜೆ ದೀಪ ಹಚ್ಚುವಾಗ, ತೊಗರಿ ಚೀಲಗಳ ಹಿಂದೆ ಬಗ್ಗಿ ನೋಡಿ. ಹೋದ ವರ್ಷದ ಪಾಷಾಣದ ಪೊಟ್ಟಣ ಇನ್ನೂ ಅಲ್ಲೇ ಇರಬಹುದು.